ಕವಡೆ ಕೊಟ್ಟು ಅಕ್ಕಿ ತಂದ ನಾಡು: ಮಾಲ್ಡೀವ್ಸ್ ಮತ್ತು ಅದರ ನೆರೆಹೊರೆ

ಚೌಕಾಬಾರ ಆಡುವಾಗ ಅಂಗೈಯಲ್ಲಿ ಕುಲುಕಿ ಚೆಲ್ಲುವ ಕವಡೆಯನ್ನು ನೀವೆಲ್ಲ ಬಲ್ಲಿರಿ. ಎಲ್ಲಮ್ಮನ ಜೋಗತಿಯರ ಕೊರಳಲ್ಲಿ ಕವಡೆಸರವಿರುತ್ತದೆ. ಎತ್ತುಗಳ ಕೊರಳಪಟ್ಟಿಗೆ ಕವಡೆ ಹೊಲಿಯುವ ರೂಢಿಯೂ ಉಂಟು. ಯಾರನ್ನಾದರೂ ತೀರ ಹಗುರವಾಗಿ ಕಾಣಬೇಕಾದರೆ 'ಕವಡೆ ಕಾಸಿನ ಕಿಮ್ಮತ್ತಿಲ್ಲ' ಎನ್ನುತ್ತೇವೆ. ಆದರೆ ಕಲಬುರಗಿ ಜಿಲ್ಲೆಯ ಮಹಾಗಾಂವದಂಥ ಊರಿನಿಂದ ಯಾವ ದಿಕ್ಕಿಗೆ ಹೊರಟರೂ 350 ಕಿಲೋಮೀಟರಿನೊಳಗೆ ಸಮುದ್ರ ಸಿಗುವುದಿಲ್ಲ. ಕಡಲಿನ ಒಂದು ಮೃದ್ವಂಗಿಯ ಚಿಪ್ಪು ಇಷ್ಟು ಒಳನಾಡಿಗೆ ಬಂದು, ಆಟಕ್ಕೂ ಪೂಜೆಗೂ ಬೈಗುಳಕ್ಕೂ ಒದಗಿದ್ದು ಹೇಗೆ?

ಭೂಪಟ ತೆರೆದು ನೋಡಿ. ಕೇರಳದ ಕರಾವಳಿಯಿಂದ ನೈಋತ್ಯಕ್ಕೆ ಬೆರಳು ಸರಿಸಿದರೆ ಲಕ್ಷದ್ವೀಪ. ಅದರ ದಕ್ಷಿಣಕ್ಕೆ ಭೂಮಧ್ಯರೇಖೆಯನ್ನೂ ದಾಟಿ ಇಳಿದಿರುವ ಚುಕ್ಕೆಗಳ ಸಾಲು ಮಾಲ್ಡೀವ್ಸ್. ಹಣವಾಗಿ ಚಲಾವಣೆಯಲ್ಲಿದ್ದ ಕವಡೆಯ ಬಹುಪಾಲು ನೂರಾರು ವರ್ಷ ಅಲ್ಲಿಂದಲೇ ಬರುತ್ತಿತ್ತು. 1,192 ದ್ವೀಪಗಳು, ಜನವಸತಿ ಇರುವುದು ಇನ್ನೂರಕ್ಕಿಂತ ಕಡಿಮೆ ದ್ವೀಪಗಳಲ್ಲಿ. ಎಲ್ಲ ನೆಲ ಕೂಡಿಸಿದರೂ ಸುಮಾರು 300 ಚದರ ಕಿಲೋಮೀಟರ್, ಅಂದರೆ ಕಲಬುರಗಿ ಜಿಲ್ಲೆಯ ಮೂವತ್ತಾರನೆಯ ಒಂದು ಪಾಲು. 2022ರ ಜನಗಣತಿಯಂತೆ, ಹೊರದೇಶದ ಕೆಲಸಗಾರರನ್ನೂ ಸೇರಿಸಿ, ಅಲ್ಲಿನ ಜನಸಂಖ್ಯೆ 5 ಲಕ್ಷ 15 ಸಾವಿರ. ಕಲಬುರಗಿ ನಗರವೊಂದರಲ್ಲೇ 2011ರಲ್ಲಿ 5 ಲಕ್ಷ 33 ಸಾವಿರ ಜನರಿದ್ದರು!

ಈ ವಿಷಯದ ಮಾತುಕತೆಯನ್ನು ಸಿದ್ಧಪಡಿಸುವಾಗ ಕಾಲೇಜು ವಿದ್ಯಾರ್ಥಿಯೊಬ್ಬ ನನ್ನನ್ನು ಕೇಳಿದ: "ಸರ್, ನಮ್ಮ ಊರಿಗಿಂತ ಸಣ್ಣ ದೇಶಕ್ಕೆ ವಿದೇಶಾಂಗ ನೀತಿ ಯಾಕೆ ಬೇಕು?" ಪ್ರಶ್ನೆಯನ್ನು ತಿರುಗಿಸಿ ನೋಡಬೇಕು. ದೊಡ್ಡ ದೇಶಕ್ಕೆ ವಿದೇಶಾಂಗ ನೀತಿ ಹಲವು ಖಾತೆಗಳಲ್ಲಿ ಒಂದು. ಬೆಳೆ, ಕುಡಿಯುವ ನೀರು, ಕಟ್ಟಡದ ಕಲ್ಲು, ಕಾವಲು ಎಲ್ಲವೂ ಹೊರಗಿನಿಂದ ಬರಬೇಕಾದ ದ್ವೀಪದಲ್ಲಿ ಅಡಿಗೆಮನೆಯೇ ವಿದೇಶಾಂಗ ನೀತಿಯ ಮೊದಲ ಕೋಣೆ.

ಕವಡೆಯಿಂದಲೇ ಪ್ರಾರಂಭಿಸೋಣ. ತೆಂಗಿನ ಗರಿಗಳನ್ನು ಕಟ್ಟಿ ಆಳವಿಲ್ಲದ ನೀರಿನಲ್ಲಿ ತೇಲಬಿಡುತ್ತಿದ್ದರು. ಕವಡೆಗಳು ಗರಿಗೆ ಅಂಟಿಕೊಳ್ಳುತ್ತಿದ್ದವು. ಎತ್ತಿ ದಡದ ಮರಳಿನಲ್ಲಿ ಹೂತಿಟ್ಟರೆ ಒಳಗಿನ ಮಾಂಸ ಕೊಳೆತು ಹೋಗಿ ಚಿಪ್ಪು ಉಳಿಯುತ್ತಿತ್ತು. ಒಂದೇ ಅಳತೆ, ಒಂದೇ ಹೊಳಪು, ನಕಲು ಮಾಡಲು ಬಾರದು, ಸವೆಯುವುದೂ ಇಲ್ಲ. ಹಣಕ್ಕೆ ಇನ್ನೇನು ಬೇಕು? ಲಿನೀಯಸ್ 1758ರಲ್ಲಿ ಈ ಜೀವಿಗೆ ಹೆಸರಿಡುವಾಗ 'ಮೊನೆಟ' ಎಂಬ ಪದವನ್ನು ಆರಿಸಿದ್ದು ಇದೇ ಕಾರಣಕ್ಕೆ. ಲ್ಯಾಟಿನ್ನಿನಲ್ಲಿ ಅದಕ್ಕೆ ಟಂಕಸಾಲೆ, ನಾಣ್ಯ ಎಂಬ ಅರ್ಥವಿದೆ.

ಮೊರಾಕ್ಕೊ ದೇಶದ ಯಾತ್ರಿಕ ಇಬ್ನ್ ಬತೂತ ನಮ್ಮ ಹೊನ್ನಾವರದಲ್ಲಿ ಕೆಲಕಾಲ ತಂಗಿದ್ದು, ಬಳಿಕ ಮಲಬಾರಿನಿಂದ ಹಡಗು ಹತ್ತಿ ಈ ದ್ವೀಪಗಳಿಗೆ ಹೋದವನು. 1344ರಲ್ಲಿ ಅವನು ಅಲ್ಲಿಂದ ಹೊರಟ ಮೂರು ವರ್ಷಕ್ಕೆ, 1347ರಲ್ಲಿ, ಇತ್ತ ಕಲಬುರಗಿಯಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾಯಿತು. ದ್ವೀಪದವರು ಬಂಗಾಳಕ್ಕೆ ಕವಡೆ ಕೊಟ್ಟು ಅಕ್ಕಿ ಕೊಳ್ಳುತ್ತಾರೆಂದು ಅವನು ಬರೆದಿದ್ದಾನೆ. ಸಮುದ್ರದಲ್ಲಿ ಸಿಕ್ಕಿದ್ದನ್ನು ಕೊಟ್ಟು, ನೆಲದಲ್ಲಿ ಬೆಳೆಯದ್ದನ್ನು ತರುವುದು: ಏಳುನೂರು ವರ್ಷದ ಹಿಂದಿನ ಈ ಲೆಕ್ಕ ಇಂದಿಗೂ ಮೂಲತಃ ಬದಲಾಗಿಲ್ಲ. ಕವಡೆಯ ಜಾಗದಲ್ಲಿ ಸೂರೆ ಮೀನು ಮತ್ತು ಪ್ರವಾಸೋದ್ಯಮ ಬಂದಿವೆ, ಅಷ್ಟೆ.

ಇಬ್ನ್ ಬತೂತನ ಕಥೆಯಲ್ಲಿ ಇನ್ನೊಂದು ಪಾಠವೂ ಇದೆ. ಆಗ ಅಲ್ಲಿ ಖದೀಜಾ ಎಂಬ ರಾಣಿಯ ಆಳ್ವಿಕೆ. ಈತನನ್ನು ಕರೆದು ಖಾಜಿಯ ಪದವಿ ಕೊಟ್ಟರು, ದೊಡ್ಡ ಮನೆತನಗಳಿಂದ ಹೆಣ್ಣು ಕೊಟ್ಟರು. ಮಂತ್ರಿಯೊಡನೆ ವಿರಸವಾದಾಗ ಅತಿಥಿ ಹೊರಟ. ಹೋಗಿ ಮದುರೆಯ ಸುಲ್ತಾನನೊಡನೆ ಕುಳಿತು ಇದೇ ದ್ವೀಪಗಳ ಮೇಲೆ ದಂಡೆತ್ತುವ ಯೋಚನೆ ಮಾಡಿದ! ದಂಡು ಹೊರಡಲಿಲ್ಲ. ಆದರೂ ಸಣ್ಣ ರಾಜ್ಯಕ್ಕೆ ಮುನಿದು ಹೋದ ಒಬ್ಬ ಅತಿಥಿಯೇ ಎಷ್ಟು ದೊಡ್ಡ ಅಪಾಯವೆಂಬುದನ್ನು ಗಮನಿಸಿ.

ಮುಂದೆ ಅಪಾಯಗಳು ದಂಡು ಕಟ್ಟಿಕೊಂಡೇ ಬಂದವು. 1558ರಿಂದ 1573ರವರೆಗೆ ಪೋರ್ಚುಗೀಸರು ಆಳಿದರು. ಮುಹಮ್ಮದ್ ತಕುರುಫಾನು ಎಂಬಾತ ಅವರನ್ನು ಓಡಿಸಿದ. 1752ರಲ್ಲಿ ಕಣ್ಣೂರಿನ ಅಲಿ ರಾಜನ ಕಡೆಯವರು ಸುಲ್ತಾನನನ್ನೇ ಹಿಡಿದೊಯ್ದರು. ಡಚ್ಚರು, ಬಳಿಕ ಬ್ರಿಟಿಷರು ಸಿಂಹಳದಲ್ಲಿ ಕುಳಿತು ವರ್ಷ ವರ್ಷ ಕಾಣಿಕೆ ಪಡೆದರು. ಅವರ ಹಡಗುಗಳಲ್ಲಿ ಹೋದ ಕವಡೆ ಪಶ್ಚಿಮ ಆಫ್ರಿಕದಲ್ಲಿ ಮನುಷ್ಯರನ್ನು ಕೊಳ್ಳುವ ಹಣವಾಯಿತೆಂಬುದು ನೆನಪಿಡಬೇಕಾದ ಕಹಿ ಸಂಗತಿ. 1887ರ ಒಪ್ಪಂದದಂತೆ ಮನೆಯೊಳಗಿನ ಆಡಳಿತ ಸುಲ್ತಾನನಿಗೆ, ಹೊರಗಿನ ವ್ಯವಹಾರ ಬ್ರಿಟಿಷರಿಗೆ ಎಂದಾಯಿತು.

ಇಲ್ಲಿ ಒಂದು ಅಡ್ಡಮಾತು. ಉತ್ತರದ ಲಕ್ಷದ್ವೀಪ ಸಮೂಹದ ಅಮಿನ್‌ದೀವಿ ದ್ವೀಪಗಳ ಜನ 1787ರಲ್ಲಿ ಕಣ್ಣೂರಿನ ಆಳ್ವಿಕೆಯಿಂದ ಬೇಸತ್ತು ಟಿಪ್ಪು ಸುಲ್ತಾನನ ಆಶ್ರಯಕ್ಕೆ ಬಂದರು. 1799ರ ನಂತರ ಅವು ಬ್ರಿಟಿಷರ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿ, 1956ರವರೆಗೂ ಮಂಗಳೂರಿನ ಕಲೆಕ್ಟರರ ಕೈಕೆಳಗೇ ಇದ್ದವು. ತೀರ ದಕ್ಷಿಣದ ಮಿನಿಕಾಯ್ ದ್ವೀಪದ ಜನರ ಮಾತು ಮಾಲ್ಡೀವ್ಸಿನ ದಿವೇಹಿ ಭಾಷೆಯ ಬಗೆ. ಆ ದ್ವೀಪ ಭಾರತದಲ್ಲಿದೆ. 1976ರಲ್ಲಿ ಎರಡೂ ದೇಶಗಳು ಕುಳಿತು ಕಡಲ ಗಡಿಯನ್ನು ಗುರುತಿಸಿಕೊಂಡವು.

1965ರ ಜುಲೈ 26ರಂದು ಮಾಲ್ಡೀವ್ಸ್ ಸ್ವತಂತ್ರವಾಯಿತು; ಎರಡು ತಿಂಗಳೊಳಗೆ ವಿಶ್ವಸಂಸ್ಥೆಯ ಸದಸ್ಯತ್ವ ಸಿಕ್ಕಿತು. ಅಲ್ಲಿ ನೂರು ಕೋಟಿಯ ದೇಶಕ್ಕೂ ಒಂದು ಮತ, ಐದು ಲಕ್ಷದ ದೇಶಕ್ಕೂ ಒಂದು ಮತ. ಸಣ್ಣವರ ಕೈಯಲ್ಲಿರುವ ಮೊದಲ ಬಂಡವಾಳ ಇದು. ಎರಡನೆಯದು ಸಮುದ್ರ. ಕಡಲ ಕಾನೂನಿನಂತೆ ದಡದಿಂದ 200 ನಾವಿಕ ಮೈಲಿ, ಅಂದರೆ 370 ಕಿಲೋಮೀಟರಿನವರೆಗೆ ಮೀನು, ಖನಿಜಗಳ ಹಕ್ಕು ಆಯಾ ದೇಶದ್ದು. ದ್ವೀಪಗಳು ಉದ್ದಕ್ಕೆ ಹರಡಿಕೊಂಡಿರುವುದರಿಂದ ಸುಮಾರು 300 ಚದರ ಕಿಲೋಮೀಟರ್ ನೆಲಕ್ಕೆ ಸುಮಾರು 9 ಲಕ್ಷ ಚದರ ಕಿಲೋಮೀಟರ್ ಸಮುದ್ರ ದೊರೆತಿದೆ. ಇದು ಕರ್ನಾಟಕದ ವಿಸ್ತಾರದ ನಾಲ್ಕು ಪಟ್ಟಿಗೂ ಹೆಚ್ಚು. ಅರಬ್ ದೇಶಗಳ ತೈಲ ಹೊತ್ತು ಪೂರ್ವಕ್ಕೆ ಹೋಗುವ ಹಡಗುಗಳ ದಾರಿ ಇಲ್ಲಿಯೇ. ಆದಕಾರಣ ದೊಡ್ಡವರ ಕಣ್ಣು ತಪ್ಪುವುದಿಲ್ಲ. ದಕ್ಷಿಣದ ಗಾನ್ ದ್ವೀಪದ ವಿಮಾನನೆಲೆಯನ್ನು ಬ್ರಿಟಿಷರು 1976ರಲ್ಲಿ ಬಿಟ್ಟುಹೋದ ಮರುವರ್ಷವೇ ಸೋವಿಯತ್ ಒಕ್ಕೂಟ ಅದನ್ನು ಬಾಡಿಗೆಗೆ ಕೇಳಿತು. ಮಾಲ್ಡೀವ್ಸ್ ಒಲ್ಲೆನೆಂದಿತು.

ಈಗ ಅಡಿಗೆಮನೆಗೆ ಬರೋಣ. 1981ರ ವ್ಯಾಪಾರ ಒಪ್ಪಂದದಂತೆ ಭಾರತ ಪ್ರತಿವರ್ಷ ಮಾಲ್ಡೀವ್ಸಿಗೆ ಇಂತಿಷ್ಟು ದಿನಸಿ ಕಳಿಸಲು ಅನುಮತಿ ಕೊಡುತ್ತದೆ. ದೇಶದಲ್ಲಿ ರಫ್ತು ನಿಷೇಧವಿದ್ದರೂ ಈ ಪಾಲಿಗೆ ಅಡ್ಡಿಯಿಲ್ಲ. 2024-25ರ ಪಟ್ಟಿ ನೋಡಿ: ಅಕ್ಕಿ 1 ಲಕ್ಷ 24 ಸಾವಿರ ಟನ್, ಗೋಧಿಹಿಟ್ಟು 1 ಲಕ್ಷ 9 ಸಾವಿರ ಟನ್, ಸಕ್ಕರೆ 64 ಸಾವಿರ ಟನ್, ನಾವು ಉಳ್ಳಾಗಡ್ಡಿ ಎನ್ನುವ ಈರುಳ್ಳಿ 35 ಸಾವಿರ ಟನ್, ಆಲೂಗಡ್ಡೆ 21 ಸಾವಿರ ಟನ್, ಕೋಳಿಮೊಟ್ಟೆ 42 ಕೋಟಿಗೂ ಮೇಲೆ. ಬೇಳೆ ಮಾತ್ರ 224 ಟನ್. ಹತ್ತು ಟನ್ನಿನ ಲಾರಿಗಳಾದರೆ ಇಪ್ಪತ್ಮೂರು ಸಾಕು. ತೊಗರಿಯ ಕಣಜವೆನಿಸಿದ ನಮ್ಮ ಜಿಲ್ಲೆಯವರಿಗೆ ಸ್ವಲ್ಪ ನಿರಾಶೆಯೇ!

ಆದರೆ ಪಟ್ಟಿಯಲ್ಲಿ ಎಲ್ಲಕ್ಕಿಂತ ಭಾರವಾದದ್ದು ತಿನ್ನುವ ಪದಾರ್ಥವಲ್ಲ. ಖಡಿ 10 ಲಕ್ಷ ಟನ್, ನದಿಯ ಉಸುಕು 10 ಲಕ್ಷ ಟನ್. ಅಕ್ಕಿಯ ಎಂಟು ಪಟ್ಟು ಉಸುಕು! ಸುತ್ತಲೂ ಬೆಳ್ಳನೆಯ ಮರಳಿರುವ ದೇಶ ಉಸುಕನ್ನು ಕೊಳ್ಳುವುದೇಕೆ? ಆ ಮರಳು ಹವಳದ ಪುಡಿ. ಅದರಲ್ಲಿರುವ ಉಪ್ಪಿನ ಅಂಶ ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಹವಳದ ದಿಬ್ಬವೇ ಅಲೆಗಳನ್ನು ತಡೆಯುವ ಗೋಡೆ. ಮನೆ ಕಟ್ಟಲು ಅದನ್ನು ಅಗೆದರೆ ಮನೆ ನಿಂತ ನೆಲವೇ ಕೊಚ್ಚಿಹೋದೀತು. 1987ರ ಏಪ್ರಿಲಿನಲ್ಲಿ ಭಾರಿ ಅಲೆಗಳು ರಾಜಧಾನಿ ಮಾಲೆಗೆ ನುಗ್ಗಿದ ಬಳಿಕ ಜಪಾನ್ ದೇಶ ಹಣ ಕೊಟ್ಟು, ನಾಲ್ಕು ಕಾಲಿನ ಕಾಂಕ್ರೀಟ್ ದಿಮ್ಮಿಗಳ ತಡೆಗೋಡೆ ಕಟ್ಟಿಸಿತು. ದಿನಸಿ ಒಬ್ಬರಿಂದ, ಗೋಡೆ ಇನ್ನೊಬ್ಬರಿಂದ.

ನೀರಿನ ಕಥೆಯೂ ಹೀಗೆಯೇ. ನಮ್ಮ ಕಡೆ ಕಪ್ಪು ಕಲ್ಲಿನ ಬಿರುಕುಗಳಲ್ಲಿ ನೀರು ಹುಡುಕಬೇಕು. ಅಲ್ಲಿ ಮಳೆನೀರು ಮರಳಿನಲ್ಲಿ ಇಂಗಿ, ಉಪ್ಪುನೀರಿಗಿಂತ ಹಗುರಾದುದರಿಂದ ಅದರ ಮೇಲೆ ಮಸೂರದಂತೆ ತೇಲುತ್ತದೆ. ಸಮುದ್ರಮಟ್ಟಕ್ಕಿಂತ ಒಂದು ಗೇಣು ಮೇಲಿದ್ದರೆ ಕೆಳಗೆ ಸುಮಾರು ನಲವತ್ತು ಗೇಣು ಸಿಹಿನೀರು ಎಂಬುದು ಭೌತಶಾಸ್ತ್ರದ ಲೆಕ್ಕ. ತಿರುವುಮುರುವು ಮಾಡಿ ನೋಡಿ: ಮೇಲಿನಿಂದ ಒಂದು ಗೇಣು ಸೇದಿ ಬಿಟ್ಟರೆ ಕೆಳಗಿನಿಂದ ಉಪ್ಪು ನಲವತ್ತು ಗೇಣು ಏರಿ ಬರುತ್ತದೆ. ಎರಡು ಚದರ ಕಿಲೋಮೀಟರಿನಷ್ಟಿರುವ ಮಾಲೆಯಲ್ಲಿ ಹೀಗೇ ಬಾವಿಗಳು ಕೆಟ್ಟವು. ಊರು ಸಮುದ್ರದ ನೀರನ್ನು ಸಿಹಿಗೊಳಿಸುವ ಯಂತ್ರಗಳನ್ನೇ ನಂಬಿತು. 2014ರ ಡಿಸೆಂಬರ್ 4ರಂದು ಆ ಸ್ಥಾವರಕ್ಕೆ ಬೆಂಕಿ ತಗುಲಿ ರಾಜಧಾನಿಯ ನಲ್ಲಿಗಳು ಬತ್ತಿದವು. ಮರುದಿನವೇ ಭಾರತದ ವಾಯುಪಡೆಯ ವಿಮಾನಗಳು ನೀರು ಹೊತ್ತು ಇಳಿದವು, ನೌಕೆಗಳು ಹಿಂಬಾಲಿಸಿದವು. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದವರಿಗೆ ಇದರ ಬೆಲೆ ಗೊತ್ತು. 2024ರ ಮಾರ್ಚಿನಲ್ಲಿ ಚೀನ ದೇಶ ಟಿಬೆಟ್ಟಿನ ಹಿಮನದಿಯ 1,500 ಟನ್ ನೀರನ್ನು ಉಡುಗೊರೆಯಾಗಿ ಕಳಿಸಿತು. ಈ ನೀರು ಬಾಯಾರಿಕೆಗಿಂತ ಹೆಚ್ಚಾಗಿ ಸ್ನೇಹಪ್ರದರ್ಶನಕ್ಕೆ ಎಂಬುದು ನನ್ನ ಅನಿಸಿಕೆ.

ಕಾವಲಿನ ವಿಷಯವನ್ನು ಒಂದೇ ಘಟನೆಯಲ್ಲಿ ಹೇಳಬಹುದು. 1988ರ ನವೆಂಬರ್ 3ರಂದು ಶ್ರೀಲಂಕೆಯಿಂದ ದೋಣಿಗಳಲ್ಲಿ ಬಂದ ಸುಮಾರು 80 ಮಂದಿ ಬಾಡಿಗೆ ಬಂದೂಕುಧಾರಿಗಳು ಮಾಲೆಯನ್ನು ಹಿಡಿದರು. ಅಧ್ಯಕ್ಷ ಮೌಮೂನ್ ಅಬ್ದುಲ್ ಗಯೂಮ್ ಹಲವು ದೇಶಗಳ ನೆರವು ಬೇಡಿದರು. ಅದೇ ರಾತ್ರಿ ಆಗ್ರಾದಿಂದ ಹೊರಟ ಭಾರತದ ಪ್ಯಾರಾಟ್ರೂಪ್ ಯೋಧರು ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ಹಾರಿ ಅಲ್ಲಿ ಇಳಿದರು. ಒತ್ತೆಯಾಳುಗಳೊಡನೆ ಹಡಗಿನಲ್ಲಿ ಪರಾರಿಯಾಗುತ್ತಿದ್ದವರನ್ನು ನಮ್ಮ 'ಗೋದಾವರಿ' ನೌಕೆ ತಡೆಯಿತು. ಎಂಬತ್ತು ಜನ ಸೇರಿ ಒಂದು ದೇಶವನ್ನು ಕಸಿದುಕೊಳ್ಳಬಹುದೆಂಬುದು ಸಣ್ಣ ರಾಜ್ಯದ ಸ್ಥಿತಿ.

ಹಾಗಾದರೆ ಉಪಕಾರ ಮಾಡಿದ ನೆರೆಯವನ ಮಾತನ್ನು ಸದಾ ಕೇಳಬೇಕಲ್ಲವೇ? ಇಲ್ಲಿ ನಾವು ಆ ದಡದಲ್ಲಿ ನಿಂತು ಯೋಚಿಸಬೇಕು. ಉಪ್ಪಿನಿಂದ ಉಸುಕಿನವರೆಗೆ ಒಬ್ಬನ ಅಂಗಡಿಯಿಂದಲೇ ತರುವವನಿಗೆ, ಇನ್ನೊಂದು ಅಂಗಡಿಯ ದಾರಿಯೂ ಗೊತ್ತಿರಲಿ ಎನಿಸುವುದು ಸಹಜ. ಚೀನ 2011ರಲ್ಲಿ ಮಾಲೆಯಲ್ಲಿ ರಾಯಭಾರ ಕಚೇರಿ ತೆರೆಯಿತು. 2012ರ ನವೆಂಬರಿನಲ್ಲಿ ಮಾಲ್ಡೀವ್ಸ್ ಸರಕಾರ, ಜಿಎಂಆರ್ ಎಂಬ ಭಾರತೀಯ ಸಂಸ್ಥೆಯೊಂದಿಗಿನ ವಿಮಾನನಿಲ್ದಾಣದ ಗುತ್ತಿಗೆಯನ್ನು ರದ್ದುಪಡಿಸಿತು. ಪಂಚಾಯ್ತಿ ತೀರ್ಪಿನಂತೆ 2016ರಲ್ಲಿ 27 ಕೋಟಿ ಡಾಲರ್ ಪರಿಹಾರ ತೆರಬೇಕಾಯಿತು. 2018ರಲ್ಲಿ ಚೀನದ ನೆರವಿನ ಸೇತುವೆ ತೆರೆಯಿತು. ಸಮತೋಲ ಕಾಯುವ ಆಟದಲ್ಲಿ ಸಾಲದ ಹೊರೆ ಬೆಳೆಯುವುದೂ ಉಂಟು.

2023ರಲ್ಲಿ ಮೊಹಮ್ಮದ್ ಮುಯಿಝ್ಝು ಭಾರತದ ಸೈನಿಕರು ಹೊರಡಬೇಕೆಂಬ ಘೋಷಣೆಯ ಮೇಲೆ ಚುನಾವಣೆ ಗೆದ್ದರು. ಸೈನಿಕರೆಂದರೆ ಎಂಬತ್ತರ ಸುಮಾರು. ಎರಡು ಧ್ರುವ ಹೆಲಿಕಾಪ್ಟರು ಮತ್ತು ಒಂದು ಡಾರ್ನಿಯರ್ ವಿಮಾನವನ್ನು ನಡೆಸುತ್ತಿದ್ದವರು. ದೂರದ ದ್ವೀಪಗಳ ರೋಗಿಗಳನ್ನು ಮಾಲೆಗೆ ತರುತ್ತಿದ್ದುದು ಇವೇ. 2024ರ ಜನವರಿಯಲ್ಲಿ ಅಲ್ಲಿನ ಮೂವರು ಉಪಮಂತ್ರಿಗಳು ನಮ್ಮ ಪ್ರಧಾನಿಯವರ ಲಕ್ಷದ್ವೀಪ ಭೇಟಿಯ ಕುರಿತು ಹಗುರವಾಗಿ ಮಾತಾಡಿ ಅಮಾನತಾದರು. ಇಲ್ಲಿ ಬಹಿಷ್ಕಾರದ ಕೂಗೆದ್ದಿತು. 2023ರಲ್ಲಿ 2 ಲಕ್ಷ ಮೀರಿದ್ದ ಭಾರತೀಯ ಪ್ರವಾಸಿಗರ ಸಂಖ್ಯೆ 2024ರಲ್ಲಿ 1 ಲಕ್ಷ 30 ಸಾವಿರದ ಆಸುಪಾಸಿಗೆ ಇಳಿಯಿತು. ಆದರೆ ಮೇಲೆ ಹೇಳಿದ ದಿನಸಿಯ ಪಟ್ಟಿ ಹೊರಬಂದದ್ದು ಆ ಜಗಳದ ನಡುವೆ, ಏಪ್ರಿಲಿನಲ್ಲಿ. 1981ರ ನಂತರ ಅದೇ ಅತಿ ದೊಡ್ಡ ಪಟ್ಟಿ. ಕೂಗಾಟಕ್ಕೆ ಕೂಗಾಟದಿಂದ ಉತ್ತರಿಸದೆ ಈರುಳ್ಳಿ ಕಳಿಸಿದ್ದು ಜಾಣತನವೆಂದೇ ನನಗೆ ತೋರುತ್ತದೆ. ಮೇ ತಿಂಗಳೊಳಗೆ ಸೈನಿಕರು ಮರಳಿದರು. ಅವರ ಜಾಗಕ್ಕೆ ಹೋದವರು ಯಾರು? ಧ್ರುವ ಹೆಲಿಕಾಪ್ಟರನ್ನು ತಯಾರಿಸುವ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಎಚ್‌ಎಎಲ್ ಸಂಸ್ಥೆಯ ತಂತ್ರಜ್ಞರು. ಸಮವಸ್ತ್ರ ಹೋಯಿತು, ಹೆಲಿಕಾಪ್ಟರ್ ಉಳಿಯಿತು. ಅವರ ಮಾತೂ ನಿಂತಿತು, ರೋಗಿಗಳ ದಾರಿಯೂ ಮುಚ್ಚಲಿಲ್ಲ.

ಯಾವ ನೆರೆಯವನೂ ಒಬ್ಬನೇ ತೀರಿಸಲಾಗದ ಸಂಕಟ ಒಂದಿದೆ. ಆ ದೇಶದ ನೆಲದ ಶೇಕಡ 80ಕ್ಕೂ ಹೆಚ್ಚು ಭಾಗ ಸಮುದ್ರಮಟ್ಟಕ್ಕಿಂತ ಒಂದು ಮೀಟರಿನಷ್ಟೂ ಎತ್ತರವಿಲ್ಲ. ಕಲಬುರಗಿ 450 ಮೀಟರ್ ಎತ್ತರದಲ್ಲಿದೆ. ಈ ಭಯ ನಮಗೆ ಸುಲಭವಾಗಿ ಅರ್ಥವಾಗದು. ಭೂಮಿ ಬಿಸಿಯೇರಿದರೆ ಹಿಮ ಕರಗುವುದಷ್ಟೇ ಅಲ್ಲ, ಸಾಗರದ ನೀರೂ ಹಿಗ್ಗುತ್ತದೆ. 1987ರ ಅಕ್ಟೋಬರಿನಲ್ಲಿ ಗಯೂಮ್ ವಿಶ್ವಸಂಸ್ಥೆಯಲ್ಲಿ ಈ ಮಾತೆತ್ತಿದರು. 1989ರಲ್ಲಿ ಸಣ್ಣ ದೇಶಗಳು ಮಾಲೆಯಲ್ಲಿ ಸಭೆ ಸೇರಿದವು. ಮರುವರ್ಷ ದ್ವೀಪರಾಷ್ಟ್ರಗಳ ಕೂಟವೇ ಹುಟ್ಟಿತು. 2009ರ ಅಕ್ಟೋಬರ್ 17ರಂದು ಅಧ್ಯಕ್ಷ ಮೊಹಮ್ಮದ್ ನಶೀದ್ ಮತ್ತು ಮಂತ್ರಿಗಳು ಒತ್ತಿ ತುಂಬಿದ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಸಂಪುಟ ಸಭೆ ನಡೆಸಿದರು. ದೂರದರ್ಶನದ ಕೆಲಸದವನಾಗಿ ಹೇಳುವುದಾದರೆ, ಅಷ್ಟು ಕಡಿಮೆ ಖರ್ಚಿನಲ್ಲಿ ಜಗತ್ತಿನ ಎಲ್ಲ ಪರದೆಗಳನ್ನು ಹಿಡಿದ ದೃಶ್ಯ ಇನ್ನೊಂದಿಲ್ಲ. 2021ರಲ್ಲಿ ಅಲ್ಲಿನ ವಿದೇಶಾಂಗ ಮಂತ್ರಿ ಅಬ್ದುಲ್ಲ ಶಾಹಿದ್ 143 ಮತ ಪಡೆದು ವಿಶ್ವಸಂಸ್ಥೆಯ ಮಹಾಸಭೆಯ ಅಧ್ಯಕ್ಷರಾದರು.

2025ರಲ್ಲಿ ಎರಡು ಸಂಗತಿಗಳು ನಡೆದವು. ಜನವರಿ 1ರಿಂದ ಚೀನದೊಡನೆ ಮುಕ್ತ ವ್ಯಾಪಾರ ಒಪ್ಪಂದ ಜಾರಿಗೆ ಬಂದಿತು. ಜುಲೈನಲ್ಲಿ, ಸ್ವಾತಂತ್ರ್ಯದ 60ನೆಯ ವರ್ಷದ ಉತ್ಸವಕ್ಕೆ ಮುಖ್ಯ ಅತಿಥಿಯಾಗಿ ಹೋದವರು ಭಾರತದ ಪ್ರಧಾನಿ. 4,850 ಕೋಟಿ ರೂಪಾಯಿಯ ಸಾಲದ ನೆರವೂ ಘೋಷಣೆಯಾಯಿತು. ಅದಕ್ಕೆ ಮುನ್ನ, 2024ರ ಅಕ್ಟೋಬರಿನಲ್ಲಿ, ಅಧ್ಯಕ್ಷ ಮುಯಿಝ್ಝು ದೆಹಲಿ, ಆಗ್ರಾ, ಮುಂಬಯಿ ಮುಗಿಸಿ ಬೆಂಗಳೂರಿಗೂ ಬಂದಿದ್ದರು. ಆ ಭೇಟಿಯಲ್ಲಿ ಒಪ್ಪಿಕೊಂಡ ಅಂಶಗಳಲ್ಲಿ ಭಾರತಕ್ಕೆ ಅಡ್ಡು ನಗರದಲ್ಲಿ ಒಂದು ದೂತಾವಾಸ, ಮಾಲ್ಡೀವ್ಸಿಗೆ ಬೆಂಗಳೂರಿನಲ್ಲಿ ಒಂದು ದೂತಾವಾಸ ತೆರೆಯುವ ವಿಷಯವೂ ಸೇರಿತ್ತು.