ಹಳೆಯ ಹೊಳೆ ಕಲಿಸಿದ ಅಂದಾಜು

ಮಳೆಗಾಲ ಶುರುವಾದರೆ ಉತ್ತರ ಕನ್ನಡದ ಪತ್ರಿಕಾ ಪುಟಗಳಲ್ಲಿ ಜಲಾಶಯಗಳ ಮಟ್ಟದ ಪುಟ್ಟ ಪಟ್ಟಿಯೊಂದು ತಪ್ಪದೆ ಬರುತ್ತದೆ. ಕಾಳಿ ನದಿಯ ಕದ್ರಾ ಅಣೆಕಟ್ಟಿನ ಸಾಲಿನಲ್ಲಿ ಗರಿಷ್ಠ ಮಟ್ಟ 34.50 ಮೀಟರ್ ಎಂದಿರುತ್ತದೆ. ಪಕ್ಕದ ಅಂಕಿ ಅದರ ಸಮೀಪಕ್ಕೆ ಏರಿತೆಂದರೆ ಮಲ್ಲಾಪುರದಿಂದ ಕಿನ್ನರ, ಕಡವಾಡದವರೆಗೆ ಕಾಳಿ ದಂಡೆಯ ಮನೆಗಳಲ್ಲಿ ನಿದ್ದೆ ಹಗುರವಾಗುತ್ತದೆ.

ಹೊಳೆಯ ಪಕ್ಕ ಹುಟ್ಟಿ ಬೆಳೆದವರಿಗೆ ಹಿಂದೆ ಇಂಥ ಪಟ್ಟಿ ಬೇಕಿರಲಿಲ್ಲ. ನೀರಿನ ಬಣ್ಣ ಕೆಂಪಾಗುವ ಬಗೆ, ತೇಲಿ ಬರುವ ಕಸ, ಘಟ್ಟದ ಕಡೆಯ ಮೋಡ, ರಾತ್ರಿ ಬದಲಾಗುವ ಹೊಳೆಯ ಸದ್ದು ಇವಿಷ್ಟು ಸಾಕಿತ್ತು. ಯಾಕೆ ಎಂದು ಕೇಳಿದರೆ ವಿವರಿಸಲು ಬಾರದಿದ್ದರೂ ‘ಯಾಕೋ ಇವತ್ತು ಸರಿ ಕಾಣುವುದಿಲ್ಲ’ ಎಂದು ಹಿರಿಯರೊಬ್ಬರು ಎದ್ದರೆ ದನ ಬಿಚ್ಚಿ ಎತ್ತರಕ್ಕೆ ಹೊಡೆಯುತ್ತಿದ್ದರು. ಇದನ್ನು ದೈವಿಕ ಶಕ್ತಿ ಎಂದು ಹೊಗಳುವುದೂ ಬೇಡ, ಮೂಢನಂಬಿಕೆ ಎಂದು ತಳ್ಳುವುದೂ ಬೇಡ. ಇಂಥ ಅಂತಃಪ್ರಜ್ಞೆಯನ್ನು ಅನುಮಾನದಿಂದಲೇ ನೋಡುತ್ತಿದ್ದ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಅಗ್ನಿಶಾಮಕ ದಳದವರ ದಿಢೀರ್ ನಿರ್ಧಾರಗಳನ್ನು ಅಭ್ಯಾಸ ಮಾಡಿ ಅದನ್ನು ಮೆಚ್ಚಿಕೊಂಡಿದ್ದ ಗ್ಯಾರಿ ಕ್ಲೈನ್, 2009ರಲ್ಲಿ ಜೊತೆಯಾಗಿ ಒಂದು ಪ್ರಬಂಧ ಬರೆದರು. ಜಗಳವಾಡಲು ಕೂತವರು ಕೊನೆಗೆ ಒಪ್ಪಿದ್ದು ಎರಡು ಷರತ್ತುಗಳಿಗೆ. ಸುತ್ತಲಿನ ಜಗತ್ತಿನ ನಡೆಯಲ್ಲಿ ಒಂದು ಕ್ರಮ ಇರಬೇಕು. ನಮ್ಮ ಊಹೆ ಸರಿಯೋ ತಪ್ಪೋ ಎಂಬುದು ಮತ್ತೆ ಮತ್ತೆ ನಮಗೇ ತಿಳಿಯುತ್ತಿರಬೇಕು. ಇವೆರಡೂ ಇದ್ದಲ್ಲಿ ಮನಸ್ಸಿನ ಥಟ್ಟನೆಯ ತೀರ್ಪನ್ನು ನಂಬಬಹುದು. ಹಳೆಯ ಕಾಳಿಯಲ್ಲಿ ಎರಡೂ ಇದ್ದವು. ಹೊಳೆ ಪ್ರತಿ ಮುಂಗಾರಿನಲ್ಲಿ ಪಾಠ ಹೇಳುತ್ತಿತ್ತು, ಪರೀಕ್ಷೆಯನ್ನೂ ತೆಗೆದುಕೊಳ್ಳುತ್ತಿತ್ತು.

ಆಮೇಲೆ ಅಣೆಕಟ್ಟುಗಳು ಬಂದವು. ಮೇಲೆ ಸೂಪಾ, ಕೆಳಗೆ ಕೊಡಸಳ್ಳಿ, ಸಮುದ್ರಕ್ಕೆ ಮುಂಚಿನ ಕೊನೆಯ ಕಟ್ಟೆಯಾಗಿ ಕದ್ರಾ. ತಲಾ 50 ಮೆಗಾವಾಟಿನ ಮೂರು ಯಂತ್ರಗಳಿರುವ ಕದ್ರಾ ವಿದ್ಯುದಾಗಾರ ತೊಂಬತ್ತರ ದಶಕದ ಕೊನೆಗೆ ಕೆಲಸ ಆರಂಭಿಸಿತು. ಅಂದಿನಿಂದ ಕಿನ್ನರದ ಆಕಾಶಕ್ಕೂ ಕಿನ್ನರದ ನೀರಿಗೂ ನಂಟು ಸಡಿಲವಾಯಿತು. ಹೊಳೆ ಏರುವುದು ಜೋಯಿಡಾ ಕಾಡಿನ ಮಳೆಯಿಂದ, ಕೊಡಸಳ್ಳಿಯಲ್ಲಿ ಬಿಡುವ ನೀರಿನಿಂದ, ಕದ್ರಾದಲ್ಲಿ ಯಾರೋ ಕೈಗೊಳ್ಳುವ ತೀರ್ಮಾನದಿಂದ. ಆ ಹೊತ್ತಿಗೆ ಅರಬ್ಬಿ ಸಮುದ್ರದಲ್ಲಿ ಉಬ್ಬರವಿದ್ದರೆ ನೀರು ಬೇಗ ಇಳಿಯುವುದೂ ಇಲ್ಲ. ಸಾಧಾರಣ ವರ್ಷಗಳಲ್ಲಿ ಕಟ್ಟೆ ನೆರೆಯನ್ನು ತಡೆಹಿಡಿದದ್ದು ನಿಜ, ಹಾಗಾಗಿ ಭಯವೂ ಕರಗಿತು. 2019ರ ಆಗಸ್ಟಿನಲ್ಲಿ, ಮತ್ತೆ 2021ರ ಜುಲೈಯಲ್ಲಿ ಗೇಟು ತೆರೆದಾಗ ಕೆಳದಂಡೆಯ ಮನೆ, ಗದ್ದೆಗಳು ಮುಳುಗಿದವು. ಹೊಳೆಯನ್ನು ಚೆನ್ನಾಗಿ ಬಲ್ಲವರಿಗೂ ಹಳೆಯ ಅಂದಾಜು ನೆರವಾಗಲಿಲ್ಲ, ಯಾಕೆಂದರೆ ಅದನ್ನು ಕಲಿಸಿದ ಹೊಳೆಯೇ ಉಳಿದಿರಲಿಲ್ಲ.

ಈಗ ಗೇಟಿನ ಬಳಿ ನಿಂತವರ ಮನಸ್ಸನ್ನೂ ನೋಡಬೇಕು. ನೀತಿಶಾಸ್ತ್ರದ ತರಗತಿಗಳಲ್ಲಿ ಒಂದು ಪ್ರಸಿದ್ಧ ಒಗಟಿದೆ, ತತ್ವಜ್ಞಾನಿ ಫಿಲಿಪ್ಪಾ ಫುಟ್ 1967ರಲ್ಲಿ ಎತ್ತಿದ್ದು. ಓಡುತ್ತಿರುವ ಟ್ರಾಮನ್ನು ತಿರುಗಿಸಿದರೆ ಒಬ್ಬ ಸಾಯುತ್ತಾನೆ, ತಿರುಗಿಸದಿದ್ದರೆ ಐವರು. ಇದನ್ನು ಕೇಳಿದಾಗಲೆಲ್ಲ ನನಗೆ ಇದು ಬಿಡುವಿರುವವರ ಆಟ ಅನಿಸುತ್ತಿತ್ತು. ಕದ್ರಾದ ಮಟ್ಟಿಗೆ ಮಾತ್ರ ಇದು ಆಟವಲ್ಲ. ಮಳೆ ಇನ್ನೂ ಜೋರಾಗುವ ಮೊದಲೇ ಸ್ವಲ್ಪ ಸ್ವಲ್ಪ ನೀರು ಬಿಟ್ಟರೆ ಕೆಳಗಿನ ಕೆಲವರ ಗದ್ದೆಗೆ ನಷ್ಟ ಖಚಿತ, ಅದಕ್ಕೆ ಹೊಣೆ ಯಾರೆಂಬುದೂ ಖಚಿತ. ಕಾದರೆ, ಒಂದೋ ಮಳೆ ನಿಂತು ಯಾರಿಗೂ ಏನೂ ಆಗುವುದಿಲ್ಲ, ಇಲ್ಲವೇ ನಡುರಾತ್ರಿ ಎಲ್ಲ ಗೇಟುಗಳನ್ನೂ ಎತ್ತಬೇಕಾಗುತ್ತದೆ. ಮನುಷ್ಯನ ಮನಸ್ಸು ಇಂಥಲ್ಲಿ ಕಾಯುವ ಕಡೆಗೇ ವಾಲುತ್ತದೆ. ಮಾಡಿ ಕೆಡಿಸಿದ್ದಕ್ಕಿಂತ ಮಾಡದೆ ಕೆಟ್ಟದ್ದು ಕಡಿಮೆ ಪಾಪ ಎಂದು ನಮಗೆಲ್ಲ ಒಳಗೊಳಗೇ ಅನಿಸುತ್ತದೆ. ಮನಶ್ಶಾಸ್ತ್ರಜ್ಞರಾದ ಇಲಾನಾ ರಿಟೋವ್, ಜೊನಾಥನ್ ಬ್ಯಾರನ್ ಇದನ್ನು 1990ರಲ್ಲಿ ಲಸಿಕೆಯ ಉದಾಹರಣೆಯಿಂದ ತೋರಿಸಿದ್ದರು. ಲಸಿಕೆಯಿಂದ ಆಗಬಹುದಾದ ಸಾವು ರೋಗದಿಂದ ಆಗುವುದಕ್ಕಿಂತ ಕಡಿಮೆಯಿದ್ದರೂ ಅನೇಕರು ಮಗುವಿಗೆ ಚುಚ್ಚುಮದ್ದು ಕೊಡಿಸಲು ಹಿಂಜರಿದರು. ಕದ್ರಾದಲ್ಲಂತೂ ತಡೆದ ನೀರೆಂದರೆ ಕರೆಂಟು, ಕರೆಂಟೆಂದರೆ ದುಡ್ಡು. ಕಾಯುವುದಕ್ಕೆ ಲೆಕ್ಕದ ಬೆಂಬಲವೂ ಸಿಕ್ಕಂತಾಯಿತು.

ಮುಳುಗಿದವರ ಸಿಟ್ಟು ಇನ್ನೊಂದು ಬಗೆಯದು. ಮಳೆಯ ಮೇಲೆ ಯಾರೂ ದೂರು ಕೊಡುವುದಿಲ್ಲ, ಗೇಟು ಎತ್ತಿದವರ ಮೇಲೆ ಕೊಡುತ್ತಾರೆ. ಆಗ ಅಧಿಕಾರಿಗಳು ಕ್ಯುಸೆಕ್ ಲೆಕ್ಕ ಮುಂದಿಡುತ್ತಾರೆ: ಒಳಹರಿವು ಇಷ್ಟು, ಹೊರಹರಿವು ಇಷ್ಟು, ಕಟ್ಟೆಯೇ ಇಲ್ಲದಿದ್ದರೂ ಇಷ್ಟು ನೀರು ಬರುತ್ತಿತ್ತು. ಲೆಕ್ಕ ಸರಿಯೇ ಇರಬಹುದು, ಆದರೂ ಸಿಟ್ಟು ಇಳಿಯುವುದಿಲ್ಲ. ಮನಶ್ಶಾಸ್ತ್ರಜ್ಞ ಜೊನಾಥನ್ ಹೈಟ್ 2001ರಲ್ಲಿ ವಾದಿಸಿದ್ದು ಇದನ್ನೇ: ನೈತಿಕ ತೀರ್ಪು ಮೊದಲು ಬಂದುಬಿಡುತ್ತದೆ, ಕಾರಣಗಳು ಆಮೇಲೆ ಓಡೋಡಿ ಬಂದು ಸೇರಿಕೊಳ್ಳುತ್ತವೆ. ಹೈಟ್ ಅವರನ್ನು ಓದಿದವರು ಕೆಲವೊಮ್ಮೆ ಇಲ್ಲಿಂದ ಒಂದು ಜಾರು ತೀರ್ಮಾನಕ್ಕೆ ಬರುತ್ತಾರೆ, ಜನರ ಸಿಟ್ಟೆಂದರೆ ಬರೀ ಭಾವಾವೇಶ ಎಂದು. ನಾನು ಒಪ್ಪುವುದಿಲ್ಲ. ನೀರಿನ ಪ್ರಮಾಣದಲ್ಲಿ ಕಾಣದ ಒಂದು ಸಂಗತಿ ಆ ಸಿಟ್ಟಿಗೆ ಕಂಡಿದೆ. ಒಬ್ಬರ ಮನೆ ಮುಳುಗುವುದು ಇನ್ನೊಬ್ಬರಿಗೆ ಮೊದಲೇ ಗೊತ್ತಿತ್ತು, ಗೊತ್ತಿದ್ದವರು ಯಾವ ಹೊತ್ತಿಗೆ ಬಾಯಿಬಿಟ್ಟರು ಎಂಬುದೇ ಅದರ ತಕರಾರು.

ಕದ್ರಾ ಅಣೆಕಟ್ಟಿನ ಹಿನ್ನೀರಿನ ಪಕ್ಕದಲ್ಲೇ ಕೈಗಾ ಅಣುವಿದ್ಯುತ್ ಸ್ಥಾವರ ಇದೆ. ಈ ಭಾಗದ ದೊಡ್ಡ ಭಯವೆಲ್ಲ ದಶಕಗಳ ಕಾಲ ಹರಿದದ್ದು ಅತ್ತ ಕಡೆಗೆ. ಅಣುಸ್ಥಾವರವನ್ನು ವಿರೋಧಿಸಿ ಶಿವರಾಮ ಕಾರಂತರು 1989ರಲ್ಲಿ ಇಲ್ಲಿಂದ ಲೋಕಸಭೆಗೆ ನಿಂತು ಸೋತರು. ಡಾ. ಕುಸುಮಾ ಸೊರಬ ಹಳ್ಳಿಗಳಲ್ಲಿ ಹೋರಾಟ ಕಟ್ಟಿದರು. ಮನಶ್ಶಾಸ್ತ್ರಜ್ಞ ಪಾಲ್ ಸ್ಲೋವಿಕ್ 1987ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪಟ್ಟಿ ಇಲ್ಲಿ ನೆನಪಾಗುತ್ತದೆ: ಮೂವತ್ತು ಅಪಾಯಗಳಲ್ಲಿ ಅಮೆರಿಕದ ಮಹಿಳಾ ಮತದಾರರ ಸಂಘದವರು ಅಣುವಿದ್ಯುತ್ತಿಗೆ ಮೊದಲ ಸ್ಥಾನ ಕೊಟ್ಟರೆ ತಜ್ಞರು ಕೊಟ್ಟದ್ದು ಇಪ್ಪತ್ತನೆಯದು. ಅಣುವಲ್ಲದ ವಿದ್ಯುತ್ತಿಗೆ ಅದೇ ಸಂಘದವರು 18, ತಜ್ಞರು 9. ಕಣ್ಣಿಗೆ ಕಾಣದ, ತಪ್ಪಿಸಿಕೊಳ್ಳಲಾಗದ, ಒಮ್ಮೆಲೇ ಅನೇಕರನ್ನು ನುಂಗಬಲ್ಲ ಅಪಾಯಕ್ಕೆ ಮನಸ್ಸು ಹೆಚ್ಚು ಅಂಕ ಕೊಡುತ್ತದೆ. ತಜ್ಞರು ಸಾವುಗಳನ್ನು ಎಣಿಸುತ್ತಾರೆ. ಕೈಗಾದ ಮೊದಲ ಘಟಕ 2018ರ ಕೊನೆಗೆ 962 ದಿನ ನಿರಂತರ ಓಡಿ ವಿಶ್ವದಾಖಲೆ ಬರೆಯಿತು. ಕದ್ರಾದವರ ಮನೆಗೆ ನುಗ್ಗಿದ್ದು ವಿಕಿರಣವಲ್ಲ, ನೀರು.

ಹಾಗೆಂದು ಭಯಪಟ್ಟವರೆಲ್ಲ ಸೋತರು, ಎಣಿಸಿದವರು ಗೆದ್ದರು ಎನ್ನಲಾಗದು. 1994ರ ಮೇ ತಿಂಗಳಲ್ಲಿ ಕೈಗಾದ ನಿರ್ಮಾಣ ಹಂತದ ಒಳಗುಮ್ಮಟದ ಕಾಂಕ್ರೀಟು ಕಳಚಿ ಬಿದ್ದಿತು. ಇಂಧನ ತುಂಬುವ ಮುಂಚೆ ಆದದ್ದರಿಂದ ವಿಕಿರಣದ ಪ್ರಶ್ನೆ ಏಳಲಿಲ್ಲ. ಆ ಗುಮ್ಮಟವನ್ನು ಲೆಕ್ಕ ಹಾಕಿಯೇ ಕಟ್ಟಿದ್ದರು. 2009ರಲ್ಲಿ ಕುಡಿಯುವ ನೀರಿನ ಕೂಲರಿಗೆ ವಿಕಿರಣಶೀಲ ಟ್ರಿಟಿಯಂ ಸೇರಿ ಐವತ್ತಕ್ಕೂ ಹೆಚ್ಚು ನೌಕರರ ದೇಹಕ್ಕೆ ಹೋದದ್ದು ಗೊತ್ತಾದದ್ದು ಮೂತ್ರ ಪರೀಕ್ಷೆಯಿಂದ. ಬಣ್ಣ, ವಾಸನೆ, ಸದ್ದು ಯಾವುದೂ ಇಲ್ಲದ ಅಪಾಯದೆದುರು ಅಂತಃಪ್ರಜ್ಞೆಗೆ ಹಿಡಿಯಲು ಏನೂ ಸಿಗುವುದಿಲ್ಲ. ಆಗ ಅದು ಎದುರಿನ ಮನುಷ್ಯನ ಮುಖ ನೋಡುತ್ತದೆ, ಇವರು ನಿಜ ಹೇಳುತ್ತಾರೆಯೇ ಎಂದು.

ಹಳೆಯ ಅಂದಾಜು ಕೈಕೊಟ್ಟದ್ದು ಹೊಳೆಯಲ್ಲಷ್ಟೇ ಅಲ್ಲ, ಗುಡ್ಡಗಳಲ್ಲೂ. ಕಡವಾಡದ ಝರಿವಾಡದಲ್ಲಿ 2009ರ ಅಕ್ಟೋಬರಿನಲ್ಲಿ ಗುಡ್ಡ ಜಾರಿ ಹಲವರು ಸತ್ತರು. ಅಂಕೋಲೆಯ ಶಿರೂರಿನಲ್ಲಿ 2024ರ ಜುಲೈ 16ರಂದು ಹೆದ್ದಾರಿ ಪಕ್ಕದ ಗುಡ್ಡ ಗಂಗಾವಳಿ ನದಿಗೆ ಬಿತ್ತು. ಅಜ್ಜನ ಕಾಲದಿಂದ ಅಲ್ಲೇ ಇದ್ದ ಗುಡ್ಡಕ್ಕೆ ಯಾರು ಹೆದರುತ್ತಾರೆ? ಬುಡ ಕತ್ತರಿಸಿಕೊಂಡ ಗುಡ್ಡ ಅಜ್ಜನ ಗುಡ್ಡವಲ್ಲ ಎಂಬುದು ಮಾತ್ರ ರೂಢಿಯ ಕಣ್ಣಿಗೆ ಬೀಳಲಿಲ್ಲ.

ಕದ್ರಾದಲ್ಲಿ ಈಗ ಸೈರನ್ ಕೂಗುತ್ತದೆ. ಅದು ಕೂಗುವ ಹೊತ್ತಿಗೆ ತೀರ್ಮಾನ ಆಗಿಹೋಗಿರುತ್ತದೆ, ಓಡುವುದಷ್ಟೇ ಬಾಕಿ. ಕೊಡಸಳ್ಳಿಯಿಂದ ಎಷ್ಟು ನೀರು ಹೊರಟಿದೆ, ಕದ್ರಾಕ್ಕೆ ಯಾವಾಗ ಮುಟ್ಟುತ್ತದೆ, ಕಾರವಾರದಲ್ಲಿ ಉಬ್ಬರ ಎಷ್ಟು ಗಂಟೆಗೆ ಎಂಬ ಮೂರು ಸಂಗತಿಗಳನ್ನು ತಾಸು ತಾಸಿಗೆ ಊರಿಗೆ ತಿಳಿಸುತ್ತ ಬಂದರೆ ನಾಲ್ಕಾರು ಮಳೆಗಾಲಗಳಲ್ಲಿ ದಂಡೆಯ ಜನ ಹೊಸ ಹೊಳೆಯನ್ನೂ ಓದಲು ಕಲಿತಾರು. ಪತ್ರಿಕೆಯ ಪಟ್ಟಿ ಬರುವುದು ಮರುದಿನ ಬೆಳಿಗ್ಗೆ.