ರೆವ್ ಲಿಮಿಟರ್ ಇದ್ದರೆ ಎಂಜಿನ್ ಸುರಕ್ಷಿತವೇ?

ಒಂಬತ್ತನೇ ತರಗತಿಯಲ್ಲಿ ‘ಬಲ ಮತ್ತು ಚಲನೆಯ ನಿಯಮಗಳು’ ಘಟಕ ಬೋಧಿಸುವ ಪ್ರಶಿಕ್ಷಣಾರ್ಥಿಗಳಿಗೆ ಒಂದು ಪ್ರಶ್ನೆಯನ್ನು ಸಿದ್ಧವಾಗಿಟ್ಟುಕೊಳ್ಳಲು ನಾನು ಹೇಳುತ್ತೇನೆ: ಕಾರಿನ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ರೆವ್ ಲಿಮಿಟರ್‌ಗೆ ತಾಗಿಸಿದರೆ ಎಂಜಿನ್ ಹಾಳಾಗುತ್ತದೆಯೇ? ತರಗತಿ ಕೂಡಲೇ ‘ಹೌದು’, ‘ಇಲ್ಲ’ ಎಂದು ಎರಡು ಗುಂಪಾಗುತ್ತದೆ. ‘ಯಾವಾಗ?’ ಎಂದು ಮಕ್ಕಳೇ ಮರುಪ್ರಶ್ನೆ ಹಾಕುವಂತೆ ಮಾಡುವುದು ಪಾಠದ ಉದ್ದೇಶ.

ಮಿತಿ ಏಕೆ ಬೇಕೆಂಬುದನ್ನು ಕಪ್ಪುಹಲಗೆಯ ಮೇಲೆ ಲೆಕ್ಕದಿಂದ ತೋರಿಸಬಹುದು. ನಿಮಿಷಕ್ಕೆ 6000 ಸುತ್ತು ಎಂದರೆ ಸೆಕೆಂಡಿಗೆ 100 ಸುತ್ತು. ಪ್ರತಿ ಸುತ್ತಿನಲ್ಲೂ ಪಿಸ್ಟನ್ ಮೇಲೊಮ್ಮೆ, ಕೆಳಗೊಮ್ಮೆ ನಿಂತು ದಿಕ್ಕು ಬದಲಿಸುತ್ತದೆ. ಸೆಕೆಂಡಿಗೆ 200 ಬಾರಿ. ಅದರ ಜಡತ್ವವನ್ನು ಮೀರಿ ಹಿಡಿದೆಳೆಯುವ ಕೆಲಸ ಕನೆಕ್ಟಿಂಗ್ ರಾಡಿನದು. ಈ ಬಲ ಸುತ್ತುವ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ವೇಗ 6000ದಿಂದ 7000ಕ್ಕೆ, ಅಂದರೆ ಸುಮಾರು ಶೇ. 17ರಷ್ಟು ಏರಿದರೆ ಬಲ ಸುಮಾರು ಶೇ. 36ರಷ್ಟು ಏರುತ್ತದೆ. ದಾರಕ್ಕೆ ರಬ್ಬರ್ ಕಟ್ಟಿ ತಿರುಗಿಸಿದರೆ ಈ ಸೆಳೆತ ಮಕ್ಕಳ ಕೈಗೇ ತಿಳಿಯುತ್ತದೆ. ವಾಲ್ವ್ ಸ್ಪ್ರಿಂಗುಗಳಿಗೂ ಇದೇ ಕಷ್ಟ. ವೇಗ ಮಿತಿಮೀರಿದರೆ ಅವು ವಾಲ್ವನ್ನು ಸಕಾಲಕ್ಕೆ ಮುಚ್ಚಲಾರವು. ಕೆಲವು ಎಂಜಿನ್‌ಗಳಲ್ಲಿ ಪಿಸ್ಟನ್ ಬಂದು ವಾಲ್ವಿಗೆ ಬಡಿಯುವುದೂ ಉಂಟು.

ಲಿಮಿಟರ್ ಮಾಡುವುದಿಷ್ಟೇ: ನಿಗದಿತ ವೇಗ ಮುಟ್ಟಿದಾಗ ಇಂಧನವನ್ನೋ ಕಿಡಿಯನ್ನೋ ತಡೆಯುತ್ತದೆ, ವೇಗ ತುಸು ಇಳಿದಾಗ ಮತ್ತೆ ಬಿಡುತ್ತದೆ. ತಯಾರಕರು ಈ ಮಿತಿಯನ್ನು ಭಾಗಗಳು ತಾಳಬಲ್ಲ ಎಲ್ಲೆಯೊಳಗೇ ಇಟ್ಟಿರುತ್ತಾರೆ. ಆದ್ದರಿಂದ ಸುಸ್ಥಿತಿಯಲ್ಲಿರುವ, ಚೆನ್ನಾಗಿ ಬಿಸಿಯಾದ ಎಂಜಿನ್ ಕ್ಷಣಕಾಲ ಮಿತಿಗೆ ತಾಗಿದರೆ ಸಾಮಾನ್ಯವಾಗಿ ಹಾನಿಯಿಲ್ಲ.

ಹಾನಿಯ ಸಂದರ್ಭಗಳು ಬೇರೆ. ಮಿತಿಯಲ್ಲೇ ಬಹಳ ಹೊತ್ತು ಹಿಡಿದಿಟ್ಟರೆ ಶಾಖವೂ ಸವೆತವೂ ಹೆಚ್ಚುತ್ತವೆ. ತಣ್ಣಗಿರುವ ಎಂಜಿನ್‌ನಲ್ಲಿ ಎಣ್ಣೆ ಮಂದವಾಗಿದ್ದು ಸರಾಗವಾಗಿ ಹರಿಯದು. ಕಿಡಿಯನ್ನು ಮಾತ್ರ ತಡೆಯುವ ವ್ಯವಸ್ಥೆಯಲ್ಲಿ ಉರಿಯದ ಪೆಟ್ರೋಲ್ ಹೊಗೆಕೊಳವೆಗೆ ಹೋಗಿ, ಅಲ್ಲಿ ಉರಿದು, ಕೆಟಲಿಟಿಕ್ ಕನ್ವರ್ಟರನ್ನು ಅತಿಯಾಗಿ ಕಾಯಿಸಬಹುದು.

ಇವೆಲ್ಲಕ್ಕಿಂತ ಅಪಾಯಕಾರಿಯಾದ ಸಂದರ್ಭದಲ್ಲಿ ಲಿಮಿಟರ್ ನಿರುಪಾಯ. ನಾಲ್ಕನೇ ಗೇರಿನಲ್ಲಿ 6000 ಸುತ್ತಿನಲ್ಲಿರುವಾಗ ಐದರ ಬದಲು ಮೂರನೆಯದು ಬಿತ್ತೆನ್ನಿ. ಎರಡು ಗೇರುಗಳ ಅನುಪಾತ 1.4 ಆಗಿದ್ದರೆ, ಕ್ಲಚ್ ಬಿಟ್ಟೊಡನೆ ಚಕ್ರಗಳೇ ಎಂಜಿನ್ನನ್ನು 8400ರತ್ತ ತಳ್ಳುತ್ತವೆ. ಈಗ ಶಕ್ತಿ ಬರುತ್ತಿರುವುದು ಪೆಟ್ರೋಲಿನಿಂದಲ್ಲ, ಓಡುತ್ತಿರುವ ಕಾರಿನ ಚಲನಶಕ್ತಿಯಿಂದ. ಇಂಧನ ತಡೆದು ಪ್ರಯೋಜನವೇನು?

‘ಲಿಮಿಟರ್ ಇದೆ, ಭಯವಿಲ್ಲ’ ಎಂದು ಪಾಠ ಮುಗಿಸಿದರೆ, ಇನ್ನು ಮೂರ್ನಾಲ್ಕು ವರ್ಷಗಳಲ್ಲಿ ವಾಹನ ಹಿಡಿಯುವ ಮಕ್ಕಳಿಗೆ ನಾವು ಅರ್ಧ ಸತ್ಯವನ್ನೇ ಕಲಿಸಿದಂತೆ. ಶಾಲೆಯ ಅಂಗಳದಲ್ಲಿ ವಾಹನ ಚಾಲೂ ಮಾಡಿ ಪ್ರಾತ್ಯಕ್ಷಿಕೆ ತೋರಿಸುವುದು ಬೇಡ. ದಾರ, ರಬ್ಬರ್, ಕಪ್ಪುಹಲಗೆ ಸಾಕು. ಮೌಲ್ಯಮಾಪನಕ್ಕೆ ಈ ಪ್ರಶ್ನೆ ಕೊಡಬಹುದು: “ಲಿಮಿಟರ್ ಸರಿಯಾಗಿದ್ದರೂ ತಪ್ಪು ಗೇರಿನಿಂದ ಎಂಜಿನ್ ಏಕೆ ಕೆಡಬಹುದು? ಶಕ್ತಿಯ ಮೂಲವನ್ನು ಗುರುತಿಸಿ ವಿವರಿಸಿ.”