ಮೊದಲ ಆಪ್ಷನ್ ಯಾವುದು?

ಸಿಇಟಿ ರ‍್ಯಾಂಕ್ ಬಂತು ಅಂದ್ರೆ ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರ ಮನೆಯಲ್ಲೂ ಒಂದೇ ಪ್ರಶ್ನೆ: "ಕಂಪ್ಯೂಟರ್ ಸೈನ್ಸ್ ಸಿಗುತ್ತಾ?" ನಾನೂ ಇಂಜಿನಿಯರಿಂಗ್ ಓದಿದವನೇ. ಬ್ರಾಂಚ್ ಆರಿಸಿದ್ದು ನೆಂಟರು. ಈಗ ಸುದ್ದಿ ಓದ್ತಿದ್ದೀನಿ, ಅದು ಬಿಡಿ.

ಆಪ್ಷನ್ ಎಂಟ್ರಿ ಹೇಗೆ ನಡೆಯುತ್ತೆ ನೋಡಿ ವೀಕ್ಷಕರೇ. ನಿಮ್ಮ ರ‍್ಯಾಂಕಿನ ಸರದಿ ಬಂದಾಗ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ನೋಡ್ತಾರೆ. ಖಾಲಿ ಇರುವ ಮೊದಲ ಸೀಟು ಸಿಕ್ಕ ಕೂಡಲೇ ಅಲ್ಲಿಗೇ ನಿಲ್ಲುತ್ತೆ. ಅದರ ಕೆಳಗೆ ನೀವು ಬರೆದಿದ್ದ ನಿಜವಾದ ಆಸೆಯನ್ನು ಯಾರೂ ನೋಡೋದೇ ಇಲ್ಲ. ಹಾಗಾಗಿ ಸಿಗುತ್ತೋ ಇಲ್ವೋ ಅನ್ನೋ ಲೆಕ್ಕ ಬಿಟ್ಟು, ಬೇಕಾದ್ದನ್ನೇ ಮೊದಲು ಬರೆಯಿರಿ.

ಬೇಕಾದ್ದು ಯಾವುದು? ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರೇ ಮೊದಲು ಸೆಂಟ್ರಲ್ ಕಾಲೇಜಿನಲ್ಲಿ ಬಿಎ ಮುಗಿಸಿ, ಆಮೇಲೆ ಪುಣೆಯಲ್ಲಿ ಸಿವಿಲ್ ಓದಿದವರು. ಗೌರಿಬಿದನೂರು ತಾಲ್ಲೂಕಿನ ಎಚ್. ನರಸಿಂಹಯ್ಯನವರು ಹಿಡಿದದ್ದು ಭೌತಶಾಸ್ತ್ರ. ಇನ್ನು ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲೇ ಬೆಳೆದ ಎಷ್ಟೋ ಮಕ್ಕಳಿಗೆ, ಪಕ್ಕದ ಚಿಂತಾಮಣಿಯಲ್ಲಿ ರೇಷ್ಮೆ ಕೃಷಿ ಮಹಾವಿದ್ಯಾಲಯ ಇದೆ, ಅಲ್ಲಿ 4 ವರ್ಷದ ಬಿಎಸ್ಸಿ ಓದಬಹುದು ಅನ್ನೋದೇ ಗೊತ್ತಿಲ್ಲ. ಕೃಷಿ ಕೋರ್ಸುಗಳಲ್ಲಿ ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾನೂ ಇದೆ.

ಪಟ್ಟಿ ಅಂತಿಮ ಮಾಡೋ ಮುಂಚೆ ಮಗಳನ್ನೋ ಮಗನನ್ನೋ ಕರ್ಕೊಂಡು ಚಿಂತಾಮಣಿ ಬಸ್ ಹತ್ತಿ, ಆ ಕಾಲೇಜನ್ನೂ ಒಮ್ಮೆ ನೋಡ್ಕೊಂಡು ಬನ್ನಿ.